ದೇವರ ಕೋಣೆಯ ಮೀಟರು

ನನ್ನ ಮಾವ ಸಾತಲಿಂಗಪ್ಪನವರು ಸೋಲಾಪುರದಲ್ಲಿ ಜೋಳ, ಕಡಲೆಯ ಅಂಗಡಿ ನಡೆಸುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ನಾನು ಹೇಳಹೊರಟದ್ದು ಅವರ ತಮ್ಮನ ಹೆಂಡತಿ ಲೀಲಾಬಾಯಿಯ ಸಂಗತಿ. ಆದರೆ ಲೀಲಾಬಾಯಿ ಎಂದು ಬಾಯಿ ತೆರೆದರೆ ಸಾಕು, ಮೊದಲು ಮಾವನವರ ಮುಖ ಕಣ್ಣೆದುರು ಬರುತ್ತದೆ.

ಲೀಲಾಬಾಯಿ ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡವಳು. ನಮ್ಮ ವಾಡೆಯ ಹಿಂಭಾಗದ ಒಂದು ಖೋಲಿ ಅವಳ ಪಾಲಿಗೆ ಬಂದಿತ್ತು. ಅದಕ್ಕೆ ಕಿಟಕಿಯಿಲ್ಲ. ಮಟಮಟ ಮಧ್ಯಾಹ್ನದಲ್ಲೂ ಬಲ್ಬು ಹಚ್ಚದಿದ್ದರೆ ಸೂಜಿಗೆ ದಾರ ಪೋಣಿಸಲಾಗದು. ಆ ಒಂದು ಬಲ್ಬಿನ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ, ಕೂಸುಗಳ ಕುಲಾವಿ ಹೊಲಿದು ತನ್ನ ಹೊಟ್ಟೆ ತಾನು ಹೊರೆಯುತ್ತಿದ್ದಳು. ಯಾರ ಮುಂದೆಯೂ ಕೈ ಒಡ್ಡಿದವಳಲ್ಲ.

ಇಡೀ ವಾಡೆಗೆ ಲೈಟಿನ ಮೀಟರು ಒಂದೇ. ಅದಿದ್ದದ್ದು ದೇವರ ಕೋಣೆಯಲ್ಲಿ. ಮನೆಗೆ ಲೈಟು ಬಂದಾಗ ನಮ್ಮ ಅಜ್ಜಮಾವ, ಬೆಳಕು ಅಂದರೆ ಲಕ್ಷ್ಮಿ, ಅವಳನ್ನು ಬಾಗಿಲಲ್ಲಿ ನಿಲ್ಲಿಸಬಾರದು ಎಂದು ಹಟ ಹಿಡಿದು ದೇವರ ಜಗಲಿಯ ಪಕ್ಕದ ಗೋಡೆಗೇ ಹಾಕಿಸಿದ್ದರಂತೆ. ದೀಪಾವಳಿಗೆ ಅದಕ್ಕೂ ವಿಭೂತಿ, ಅದಕ್ಕೂ ಹೂವು. ತಿಂಗಳಿಗೊಮ್ಮೆ ರೀಡಿಂಗ್ ಬರೆದುಕೊಳ್ಳಲು ಭೀಮಶಾ ಎಂಬುವರು ಬರುತ್ತಿದ್ದರು. ನಮ್ಮ ಜಾತಿಯವರೇ. ಕಾಲು ತೊಳೆದು ಒಳಗೆ ಹೋಗಿ, ಬರೆದುಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಎಪ್ಪತ್ನಾಲ್ಕರಲ್ಲಿ ಅವರು ನಿವೃತ್ತರಾಗಿ ತಮ್ಮ ಊರು ಅಕ್ಕಲಕೋಟೆಗೆ ಹೋದರು. ಅವರ ಜಾಗಕ್ಕೆ ಬಂದವರು ಕಾಂಬಳೆ.

ಆ ದಿನ ನಾನು ಪಡಸಾಲೆಯಲ್ಲೇ ಇದ್ದೆ. ಕಾಂಬಳೆ ಚಪ್ಪಲಿ ಬಿಟ್ಟು ಹೊಸ್ತಿಲ ಹತ್ತಿರ ನಿಂತರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಬಗಲಲ್ಲಿ ರಿಜಿಸ್ಟರು. ಮಾವ ಹೆಸರು ಕೇಳಿದರು. ಕಾಂಬಳೆ ಎಂದದ್ದೇ ತಡ, ದಲಿತರ ಹೆಸರೆಂದು ತಿಳಿದು ಕೈ ಅಡ್ಡ ಹಿಡಿದರು.

"ಅಲ್ಲೇ ನಿಂದರು. ದೇವರ ಖೋಲಿ ಅದ. ನಾ ಓದಿ ಹೇಳ್ತೀನಿ, ನೀ ಬರಕೋ."

"ಸಾಹೇಬ, ಮಲಾ ಸ್ವತಃ ಬಘಾಯಲಾ ಪಾಹಿಜೆ," ಅಂದರು ಕಾಂಬಳೆ. ತಾವೇ ಕಣ್ಣಾರೆ ನೋಡಬೇಕು ಎಂದು ಅವರ ಮಾತು.

"ಯಾಕ, ನನಗ ಓದಾಕ ಬರೂದಿಲ್ಲೇನು? ನಲವತ್ತು ವರ್ಷ ಅಂಗಡಿ ನಡಸೀನಿ."

ಕೊರಳಲ್ಲಿ ಲಿಂಗ, ಬಾಯಲ್ಲಿ ಈ ಮಾತು. ಒಳಗೆ ಹೋಗಿ ಕನ್ನಡಕ ಏರಿಸಿ ಒಂದೊಂದೇ ಅಂಕಿ ಕೂಗಿದರು: ನಾಲ್ಕು, ಏಳು, ನಾಲ್ಕು, ಐದು. ಕಾಂಬಳೆ ಹೊಸ್ತಿಲ ಹೊರಗೆ ನಿಂತು ಬರೆದುಕೊಂಡು ಹೋದರು. ನಾನು ಹೊಸ ಸೊಸೆ, ಸೆರಗು ಸರಿಮಾಡಿಕೊಂಡು ಅಡುಗೆಮನೆಗೆ ನಡೆದೆ.

ಬಿಲ್ಲು ಬಂತು. ಪ್ರತಿ ತಿಂಗಳು ಒಂಬತ್ತು ರೂಪಾಯಿಯ ಸುತ್ತಮುತ್ತ ಇರುತ್ತಿದ್ದದ್ದು ಈ ಸಲ ನಲವತ್ತೊಂದು. ಮಾವನವರು ಒಂದು ನಿಮಿಷವೂ ಯೋಚಿಸಲಿಲ್ಲ. ಬಿಲ್ಲು ಹಿಡಿದು ನೇರ ಹಿಂದಿನ ಖೋಲಿಗೆ ನಡೆದರು.

"ಹಗಲು ಹೊತ್ತಿನ್ಯಾಗ ಲೈಟ್ ಹಚ್ಚಾಕಿ ನೀನ. ಮ್ಯಾಲಿನ ಮೂವತ್ತೆರಡು ರೂಪಾಯಿ ನಿಂದು. ಎಂಟು ದಿವಸದಾಗ ಕೊಡು, ಇಲ್ಲಂದ್ರ ಅಕ್ಕಲಕೋಟಿಗಿ ನಿಮ್ಮ ಅಣ್ಣನ ಮನಿಗಿ ಹೋಗು."

"ಒಂದ ಬಲ್ಬ್ ಅದ ಭಾವನವರ. ಹ್ವಾದ ತಿಂಗಳಾನೂ ಅದ ಇತ್ತು," ಎಂದಳು ಲೀಲಾಬಾಯಿ. ಅವರು ಕೇಳಿಸಿಕೊಳ್ಳಲೇ ಇಲ್ಲ. ಮರುದಿನ ಆಳನ್ನು ಕರೆಸಿ ಅವಳ ಖೋಲಿಗೆ ಹೋಗುವ ವಾಯರು ಕಿತ್ತು ಹಾಕಿಸಿದರು. ಮೂವತ್ತೆರಡು ರೂಪಾಯಿ ಅಂದರೆ ಅವಳ ಒಂದು ತಿಂಗಳ ಹೊಲಿಗೆ. ಬೆಳಕಿಲ್ಲದೆ ಹೊಲಿಯುವುದು ಹೇಗೆ, ಹೊಲಿಯದೆ ಕೊಡುವುದು ಎಲ್ಲಿಂದ? ಅಣ್ಣನ ಮನೆಗೆ ಹೋದರೆ ಅತ್ತಿಗೆಯ ಕೈಕೆಳಗೆ ಮುಸುರೆ ತಿಕ್ಕುತ್ತ ಸಾಯಬೇಕು. ಈ ಖೋಲಿ ಹೋದರೆ ತನಗೆ ನೆಲೆಯೇ ಇಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು, ಮಾವನವರಿಗೂ ಗೊತ್ತಿತ್ತು.

ನಾವು ಹೆಂಗಸರು ಊರು ದಾಟಬೇಕೆಂದರೆ ದೇವರ ಹೆಸರು ಬೇಕು. ಗುರುವಾರ ಸ್ವಾಮಿಗಳ ದರ್ಶನಕ್ಕೆ ಎಂದು ಹೇಳಿ ಲೀಲಾಬಾಯಿ ನನ್ನನ್ನೂ ಕರೆದುಕೊಂಡು ಅಕ್ಕಲಕೋಟೆಯ ಎಸ್.ಟಿ. ಹತ್ತಿದಳು. ಬಸ್ಸಿನ ತುಂಬ ಭಕ್ತರು, ಕಾಲಿಡಲು ಜಾಗವಿಲ್ಲ. ಇಳಿದವಳೇ ಗುಡಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ನೇರ ಭೀಮಶಾ ಅವರ ಮನೆ ಕೇಳಿಕೊಂಡು ಹೋದಳು.

ಭೀಮಶಾ ಬಿಲ್ಲು ನೋಡಿದರು. "ಇಲ್ಲಿ ನೋಡ್ರಿ ತಂಗಿ, ಇದು ಹಿಂದಿನ ಅಂಕಿ, ನಾಲ್ಕು ಸಾವಿರದ ಆರನೂರಾ ಹದಿನೆಂಟು. ಇದು ಈಗಿಂದು, ನಾಲ್ಕು ಸಾವಿರದ ಏಳನೂರಾ ನಲವತ್ತೈದು. ಇದರಾಗ ಅದು ಕಳದ್ರ ನೂರಾ ಇಪ್ಪತ್ತೇಳು ಯುನಿಟ್. ನಿಮ್ಮ ವಾಡೇದಾಗ ಅಷ್ಟು ಎಲ್ಲಿ ಸುಡತದ? ಯಾರು ಓದಿದ್ರು ಇದನ್ನ?"

ಲೀಲಾಬಾಯಿ ಹೇಳಿದಳು. ಭೀಮಶಾ ತಲೆ ಅಲ್ಲಾಡಿಸಿ, ಒಂದು ಇದ್ದಲಿ ತುಂಡು ತಂದು ನೆಲದ ಮೇಲೆ ನಾಲ್ಕು ಚಕ್ರ ಬರೆದರು, ಒಂದೊಂದರಲ್ಲಿ ಒಂದೊಂದು ಕಡ್ಡಿ ಇಟ್ಟರು.

"ಸಾತಲಿಂಗಪ್ಪ ಗಡಿಯಾರ ಓದಿದಂಗ ಓದ್ಯಾನ. ಇದು ಗಡಿಯಾರ ಅಲ್ಲ. ಒಂದು ಚಕ್ಕರದ ಮುಳ್ಳು ಬಲಕ್ಕ ತಿರಗತದ, ಬಾಜೂದ್ದು ಎಡಕ್ಕ. ಎರಡು ಅಂಕಿ ನಡುವ ಮುಳ್ಳು ನಿಂತ್ರ ಸಣ್ಣದ ಹಿಡೀಬೇಕು. ಆರು ಏಳರ ನಡುವ ಇತ್ತು, ಏಳು ದಾಟೇದ ಅಂತ ತಿಳದಾನ. ಒಂದ ಅಂಕಿ ತಪ್ಪು, ನೂರು ಯುನಿಟ್ ಜಾಸ್ತಿ."

ಲೀಲಾಬಾಯಿ ನೆಲದ ಮೇಲಿನ ಕಡ್ಡಿಗಳನ್ನು ತಾನೇ ಸರಿಸಿ ಸರಿಸಿ ಹತ್ತು ಸಲ ಓದಿದಳು. ಒಂದೂ ತಪ್ಪಲಿಲ್ಲ.

"ಆಫೀಸದಾಗ ಅರ್ಜಿ ಕೊಡ್ರಿ," ಅಂದರು ಭೀಮಶಾ. "ಖರೆ, ರೀಡರ್ ಒಳಗ ಬಂದು ಸ್ವತಃ ನೋಡಿ ಬರದ್ರಷ್ಟ ಬಿಲ್ಲ ತಿದ್ದತಾರ."

ಮನೆಗೆ ಬಂದು ಲೀಲಾಬಾಯಿ ದೇವರ ಕೋಣೆಗೆ ಹೋದಳು. ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ಅವಳೇ ಸಾರಿಸುತ್ತಿದ್ದ ಕೋಣೆ ಅದು. ಒಮ್ಮೆಯೂ ತಲೆ ಎತ್ತಿ ನೋಡಿರದ ಮೀಟರನ್ನು ಆ ದಿನ ನೋಡಿ, ಹೊರಗೆ ಬಂದು ಮಾವನವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

"ನನಗ ಲೆಕ್ಕಾ ಕಲಸಾಕಿ ಆದೇನು ನೀ? ಅಂವಾ ಒಳಗ ಬರೂದು ಬ್ಯಾಡ. ರೊಕ್ಕಾ ಇಡು, ಇಲ್ಲಾ ಗಂಟು ಕಟ್ಟು."

ತಮ್ಮ ಓದು ತಪ್ಪಿರಬಹುದು ಎಂಬ ಅನುಮಾನ ಅವರಿಗೂ ಬಂದಿತ್ತು ಎಂದು ನಾನು ಆಣೆ ಮಾಡಿ ಹೇಳುತ್ತೇನೆ. ಆಮೇಲೆ ಎರಡು ಸಲ ಕದ್ದು ಒಳಗೆ ಹೋಗಿ ಮೀಟರಿಗೆ ಮುಖ ಒತ್ತಿ ನೋಡಿದ್ದನ್ನು ಈ ಕಣ್ಣುಗಳೇ ಕಂಡಿವೆ. ಆದರೂ ಬಾಯಿ ಬಿಡಲಿಲ್ಲ. ಒಬ್ಬ ಮನುಷ್ಯ ಹೊಸ್ತಿಲು ದಾಟುವುದಕ್ಕಿಂತ ಒಬ್ಬ ಹೆಂಗಸು ಮನೆ ಬಿಡುವುದೇ ಅವರಿಗೆ ಹಗುರವಾಗಿ ಕಂಡಿತು.

ಏಳನೆಯ ದಿನ, ಲೀಲಾಬಾಯಿ ಆಫೀಸಿಗೆ ಹೋಗಿ ಕೊಟ್ಟಿದ್ದ ಅರ್ಜಿ ಹಿಡಿದುಕೊಂಡು ಕಾಂಬಳೆ ಬಂದರು. ಮಾವ ಪಡಸಾಲೆಯ ಗಾದಿಯ ಮೇಲೆ ಕೂತಿದ್ದರು. ಲೀಲಾಬಾಯಿ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು.

"ಕಾಲು ತೊಳಕೋರಿ. ಬರ್ರಿ ಒಳಗ."

"ಲೀಲಾ," ಅಂದರು ಮಾವ. ಅವಳು ಅವರ ಕಡೆ ನೋಡಲಿಲ್ಲ. ಕಾಂಬಳೆ ಕಾಲು ತೊಳೆದುಕೊಂಡು ಅವಳ ಹಿಂದೆ ಒಳಗೆ ಹೋದರು. ಮೊದಲು ಅವರು ಮರಾಠಿಯಲ್ಲಿ ಓದಿದರು: ಚಾರ್, ಸಹಾ, ಪಾಚ್, ದೋನ್. ಆಮೇಲೆ ಲೀಲಾಬಾಯಿ ಕನ್ನಡದಲ್ಲಿ ಓದಿದಳು: ನಾಲ್ಕು ಸಾವಿರದ ಆರುನೂರಾ ಐವತ್ತೆರಡು. ಮಾವ ಕೂಗಿದ ಅಂಕಿಯನ್ನು ಮೀಟರು ಇನ್ನೂ ಮುಟ್ಟಿಯೇ ಇರಲಿಲ್ಲ. ಕಾಂಬಳೆ ರಿಜಿಸ್ಟರು ತಂದು ಮಾವನವರ ಮುಂದೆ ಹಿಡಿದರು. ಮಾವ ಮುಖ ಆಚೆ ತಿರುಗಿಸಿದರು.

ಬಿಲ್ಲು ಒಂಬತ್ತು ರೂಪಾಯಿಗೆ ಇಳಿಯಿತು. ತಪ್ಪಾಯಿತು ಎಂದರೆ? ಅದೆಲ್ಲಿಯ ಮಾತು. "ದೇವರ ಖೋಲಿ ತೊಳಿ, ಆಮ್ಯಾಲ ನಿನ್ನ ವಾಯರ್ ಹಚ್ಚಸ್ತೀನಿ," ಎಂದರು ಲೀಲಾಬಾಯಿಗೆ.

"ದಿನಾ ತೊಳದೀನಿ. ಅವರು ಬಂದಾರಂತ ತೊಳಿಯೂದಿಲ್ಲ. ಕತ್ತಲದಾಗ ಬೇಕಾದ್ರ ಕೂಡತೀನಿ."

ಮಾವ ನನ್ನ ಕಡೆ ನೋಡಿದರು. ನಾನು ತೊಳೆದೆ. ಹೌದು, ನಾನೇ ತೊಳೆದೆ. ಮಾವನವರ ಮೇಲೆ ಇಷ್ಟು ಕೂಗಾಡುವ ನಾನು ಅಂದು ಸೆರಗು ಸಿಕ್ಕಿಸಿಕೊಂಡು ನಾಲ್ಕು ಕೊಡ ನೀರು ಸುರಿದೆ. ಲೀಲಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು. "ನೀ ಯಾಕ ತೊಳದಿ, ನೀಲಾ?" ಎಂದಷ್ಟೇ ಕೇಳಿದಳು.

ವಾಯರು ಹಚ್ಚಿಸಿದರು. ಆಮೇಲೆ ಮಾಡಿದ್ದು ಕೇಳಿ. ಮೂವತ್ತೆರಡು ರೂಪಾಯಿಗಾಗಿ ಒಬ್ಬ ವಿಧವೆಯನ್ನು ಬೀದಿಗೆ ತಳ್ಳಲು ಹೊರಟಿದ್ದ ಮನುಷ್ಯ, ಅರವತ್ತೈದು ರೂಪಾಯಿ ಖರ್ಚು ಮಾಡಿ ಮೀಟರನ್ನು ಹೊರಗೋಡೆಗೆ ಸರಿಸಿದರು, ಕಾಂಬಳೆ ಬೀದಿಯಲ್ಲೇ ನಿಂತು ಓದಲೆಂದು. ಅಜ್ಜಮಾವನವರ ಲಕ್ಷ್ಮಿ ಬಾಗಿಲ ಹೊರಗೆ ನಿಂತಳು.

ಮುಂದಿನ ತಿಂಗಳು ಕಾಂಬಳೆ ಬೀದಿಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದರು. ಲೀಲಾಬಾಯಿ ಹೊರಗೆ ಬಂದು, ಚಹಾ ಕುಡಿದು ಹೋಗಿ ಎಂದಳು.

"ನಕೊ ಬಾಯಿ, ತುಮ್ಹಾಲಾಚ್ ತ್ರಾಸ್," ಅಂದರು ಅವರು. ನಿಮಗೇ ತೊಂದರೆ, ಬೇಡ ಎಂದು.

"ನನ್ನ ಪಾಲಿನ ಖೋಲಿ ಅದು. ಬರ್ರಿ."

ಕಾಂಬಳೆ ಖೋಲಿಯಲ್ಲಿ ಟ್ರಂಕಿನ ಮೇಲೆ ಕೂತರು. ನಾನು ನಮ್ಮ ಅಡುಗೆಮನೆಯ ಕಪ್-ಬಸಿಯಲ್ಲೇ ಚಹಾ ತಂದುಕೊಟ್ಟೆ. ಮಾವನವರಿಗೆ ಸುದ್ದಿ ಮುಟ್ಟಿ, ಅಂಗಡಿ ಬಿಟ್ಟು ಓಡಿ ಬಂದು ಖೋಲಿಯ ಬಾಗಿಲಲ್ಲಿ ನಿಂತರು. ಭಾವ ಬಂದರೆ ಎದ್ದು ನಿಂತು ಸೆರಗು ಹೊದೆಯಬೇಕು, ಅದು ಮನೆಯ ರೀತಿ. ಲೀಲಾಬಾಯಿ ಏಳಲಿಲ್ಲ. ಬಲ್ಬಿನ ಕೆಳಗೆ ಯಂತ್ರ ತುಳಿಯುತ್ತಲೇ ಕುಲಾವಿಯ ಅಂಚು ಮುಗಿಸಿ, ದಾರ ಹಲ್ಲಿನಿಂದ ಕಡಿದು, ಆಮೇಲೆ ಕೇಳಿದಳು:

"ಏನು ಬೇಕಾಗಿತ್ತ್ರಿ ಭಾವನವರ?"

ಮಾವ ತಿರುಗಿ ಅಂಗಡಿಯ ದಾರಿ ಹಿಡಿದರು.