ಮುನಿಯಮ್ಮನ ಕಣ ಮತ್ತು ನೆಲದ ಸದ್ದು

‘ದಯವಿಟ್ಟು ಕಾಲು ಅಲುಗಿಸಬೇಡಿ ಸಾರ್.’

ಕಳೆದ ವಾರ ಕೈವಾರದ ಹತ್ತಿರದ ಹೊಲವೊಂದರಲ್ಲಿ ಎಂಜಿನಿಯರೊಬ್ಬರು, ಪತ್ರಿಕೆಗೆ ಬರೆಯಲೆಂದು ಹೋಗಿದ್ದ ನನಗೆ ಹೀಗೆಂದರು. ನಾನು ಕಲ್ಲಾಗಿ ನಿಂತೆ. (ಉಸಿರಾಡಬಹುದೇ ಎಂದು ಕೇಳಲು ಧೈರ್ಯ ಬರಲಿಲ್ಲ.)

ಊರಿಗೆ ಕುಡಿಯುವ ನೀರಿನ ಬಾವಿ ಬೇಕು. ಮಣ್ಣಿನಡಿ ಬಂಡೆ ಎಷ್ಟು ಆಳದಲ್ಲಿದೆ ಎಂದು ಮೊದಲು ತಿಳಿಯಬೇಕು. ಅದಕ್ಕೇ ನೆಲದ ಕಂಪನ ಹಿಡಿಯುವ ಪುಟ್ಟ ಡಬ್ಬಿಗಳನ್ನು ನೇರ ಸಾಲಿನಲ್ಲಿ ಊರಿದ್ದರು. ಒಂದೊಂದರಿಂದಲೂ ಕೇಬಲ್ ಎಳೆದು ಜೀಪಿನಲ್ಲಿದ್ದ ಯಂತ್ರಕ್ಕೆ ಸೇರಿಸಿದ್ದರು. ಕಬ್ಬಿಣದ ಹಲಗೆಗೆ ಸುತ್ತಿಗೆಯಿಂದ ಬಡಿದರೆ ಯಂತ್ರ ಕಾಗದದ ಮೇಲೆ ಎಳೆಯುವ ನೇರ ಗೆರೆ ಕುಣಿಯುತ್ತದೆ; ಆ ಕುಣಿತದಿಂದ ಬಂಡೆಯ ಆಳ ಲೆಕ್ಕ ಹಾಕುತ್ತಾರೆ.

ಬಡಿಯುವ ಮೊದಲೇ ಗೆರೆ ಕುಣಿಯುತ್ತಿತ್ತು! ಕನೆಕ್ಷನ್‌ಗಳನ್ನೆಲ್ಲ ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿದರು. ಕುಣಿತ ನಿಲ್ಲಲಿಲ್ಲ. ಅನುಮಾನ ನನ್ನ ಮೇಲೆ ಬಂತು. ನಾನು ನಿಂತೆ, ಗೆರೆ ನಿಲ್ಲಲಿಲ್ಲ.

ಕಳ್ಳ ಸಿಕ್ಕಿದ್ದು ಬೇಲಿಯ ಆಚೆ. ಮುನಿಯಮ್ಮ ಎಂಬ ರೈತ ಮಹಿಳೆ ಕಣದಲ್ಲಿ ಎತ್ತು ಕಟ್ಟಿ ರಾಗಿ ತೆನೆಯ ಮೇಲೆ ಕಲ್ಲುಗುಂಡು ಉರುಳಿಸುತ್ತಿದ್ದರು.

‘ಅಮ್ಮಾ, ಸ್ವಲ್ಪ ಹೊತ್ತು ಗುಂಡು ನಿಲ್ಲಿಸ್ತೀರಾ?’ ಎಂದರು ಎಂಜಿನಿಯರ್.

‘ಮೋಡ ನೋಡಿದ್ಯಾ ನಾಯನಾ? ವರ್ಷದ ಹಿಟ್ಟು ನೆಲದ ಮೇಲೈತೆ.’

‘ಊರಿನ ಬಾವಿಗೇ ಅಮ್ಮಾ ಇದೆಲ್ಲ.’

‘ಆಗ್ಲಿ. ಬರೀ ನೀರು ಕುಡ್ಕೊಂಡು ಕೂತ್ಕೊಳ್ಳಣ್ವಾ?’

ಎಂಜಿನಿಯರ್ ಮೋಡ ನೋಡಿದರು, ಕಣ ನೋಡಿದರು. ತಮ್ಮ ತಂಡದವರನ್ನು ಕರೆದರು. ‘ಈ ಗುಂಡು ನಿಲ್ಲೋವರೆಗೂ ನಮಗೆ ಕೆಲಸ ಇಲ್ಲ. ಬನ್ರಪ್ಪ, ಕೈ ಹಾಕಣ.’

‘ಬೂಟ್ಸು ಬಿಟ್ಟು ಬಾರಪ್ಪ ಕಣಕ್ಕೆ,’ ಎಂದರು ಮುನಿಯಮ್ಮ.

ಕೇಬಲ್ ಎಳೆದ ಕೈಗಳು ಹುಲ್ಲು ಕೊಡವಿದವು. ಹೊಟ್ಟಿನ ಸಮೇತ ರಾಗಿ ಬಾಚಿ ಚೀಲಕ್ಕೆ ತುಂಬಿದೆವು. ನನ್ನ ಕೈಗೂ ಒಂದು ಮೊರ ಬಂತು. ಮುನಿಯಮ್ಮ ಸ್ವಲ್ಪ ಹೊತ್ತು ಸಹಿಸಿಕೊಂಡರು. ಆಮೇಲೆ, ‘ಬರೆಯೋ ಕೈನಾ ಇದು? ಚೀಲಕ್ಕಿಂತ ನಿಮ್ಮ ಜೇಬಲ್ಲೇ ಜಾಸ್ತಿ ರಾಗಿ ಐತೆ’ ಎಂದರು.

ಕೊನೆಯ ಚೀಲ ಮನೆಯೊಳಗೆ ಹೋಯಿತು. ಎತ್ತು ಬಿಚ್ಚಿದರು. ನಾವು ಹೊಲಕ್ಕೆ ಓಡಿದೆವು. ಕಾಗದದ ಮೇಲೆ ಗೆರೆ ಈಗ ದಾರದಂತೆ ನೇರ. ಸುತ್ತಿಗೆ ಮೇಲೆದ್ದಿತು.

ಮೊದಲ ಹನಿ ಬಿತ್ತು. ಹಿಂದೆಯೇ ಸಾವಿರ. ಗೆರೆ ಹುಚ್ಚೆದ್ದು ಕುಣಿಯಿತು.

ಡಬ್ಬಿಗಳನ್ನು ಕಿತ್ತುಕೊಂಡು ಮುನಿಯಮ್ಮನ ಜಗಲಿ ಸೇರಿದೆವು. ಅವರು ಎಂಜಿನಿಯರ್ ಕೈಗೆ ಮಜ್ಜಿಗೆ ಕೊಡುತ್ತಾ ಹೇಳಿದರು: ‘ನನ್ನ ಗುಂಡು ನಿಲ್ತಲ್ಲ ನಾಯನಾ. ಮಳೆಗೂ ಒಂದು ಮಾತು ಹೇಳು.’

ಊರಿನ ಬಾವಿ ಒಂದು ದಿನ ತಡವಾಯಿತು, ನಿಜ. ಮುದ್ದೆ ತಡವಾಗಿದ್ದರೆ ಊರು ಸುಮ್ಮನಿರುತ್ತಿತ್ತೇ?