ಅತ್ತಿಗೆಯ ಬಾಯಿ ಕಟ್ಟಿಸಿದ ಪತ್ರೊಡೆ

ಎರಡು ವರ್ಷದ ಹಿಂದಿನ ಆಟಿ ತಿಂಗಳು. ಮುಂಬೈಯ ಮಲಾಡಿನಲ್ಲಿ ವಾರದಿಂದ ಬಿಡದೆ ಮಳೆ. ಆಟಿಯಲ್ಲಿ ಒಮ್ಮೆಯಾದರೂ ಪತ್ರೊಡೆ ತಿನ್ನದಿದ್ದರೆ ನಮ್ಮ ಉಡುಪಿ ಕಡೆಯವರಿಗೆ ಮಳೆಗಾಲ ಬಂದ ಹಾಗೇ ಆಗುವುದಿಲ್ಲ. ಹುಳಿ, ಬೆಲ್ಲ, ಮೆಣಸು ಹಾಕಿ ರುಬ್ಬಿದ ಅಕ್ಕಿಹಿಟ್ಟನ್ನು ಕೆಸುವಿನ ಎಲೆಗೆ ಸವರಿ, ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುವ ತಿಂಡಿ ಅದು. ಎಲೆ ಇಲ್ಲಿನ ಮಾರ್ಕೆಟಿನಲ್ಲೂ ಧಾರಾಳ ಸಿಗುತ್ತದೆ. ಆದರೆ ಆ ವರ್ಷ ನನಗೊಂದು ಹಠ. ಎಲೆ ನನ್ನ ಕಿಟಕಿಯಾಚೆ ಚಾಚಿದ ಗ್ರಿಲ್‌ನಲ್ಲಿ ಬೆಳೆದದ್ದೇ ಆಗಬೇಕು.

ಹಠಕ್ಕೆ ಕಾರಣ ಜಲಜ ಅತ್ತಿಗೆ, ನನ್ನ ಗಂಡನ ಅಕ್ಕ. ಕುರ್ಲಾದಲ್ಲಿರುತ್ತಾರೆ. ಮನಸ್ಸು ಕೆಟ್ಟದಲ್ಲ, ಬಾಯಿ ಮಾತ್ರ ನಿಲ್ಲುವುದಿಲ್ಲ. ನಾನು ಮಾಡಿದ ಸಾರಿಗೆ ಖಾರ ಜಾಸ್ತಿ, ದೋಸೆ ದಪ್ಪ, ಚಹಾ ನೀರು. ಮದುವೆಯಾಗಿ ಇಷ್ಟು ವರ್ಷವಾದರೂ "ಚೆನ್ನಾಗುಂಟು ಶಶಿ" ಎಂಬ ಒಂದು ಮಾತು ಅವರ ಬಾಯಿಂದ ಬಂದದ್ದಿಲ್ಲ. ಗ್ರಿಲ್‌ನಲ್ಲಿ ಕೆಸು ನೆಟ್ಟಿದ್ದೇನೆ ಅಂದಾಗಲೂ ಅಷ್ಟೇ, ಮುಂಬೈಯ ಮಣ್ಣಲ್ಲಿ ಕೆಸು ಬಂದರೆ ಕಾಗೆ ಬಿಳಿಯಾದೀತು ಎಂದು ನಕ್ಕಿದ್ದರು. ಒಮ್ಮೆ ಈ ಹೆಂಗಸಿನ ಬಾಯಿ ಮುಚ್ಚಿಸಬೇಕು ದೇವರೇ ಎಂದು ನಾನು ಅದೆಷ್ಟು ಸಲ ಅಂದುಕೊಂಡಿದ್ದೆನೋ. ಆ ಮಾತು ನೆನಪಾದರೆ ಈಗಲೂ ಮೈ ಜುಂ ಎನ್ನುತ್ತದೆ.

ಕೆಸುವಿನ ಗಡ್ಡೆಗಳನ್ನು ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ನೆಟ್ಟಿದ್ದೆ. ಬೇಸಿಗೆಯಲ್ಲಿ ಪಕ್ಕದ ಮನೆಯ ಮರಾಠಿ ಕಾಕು ತಮ್ಮ ಒಡೆದ ಕುಂಡದಿಂದ ಒಂದು ಸಣ್ಣ ಗಿಡ ಕಿತ್ತುಕೊಟ್ಟರು. ಚಂದಕ್ಕೆ ಇಡುವ ಗಿಡ, ಎಲೆ ನೋಡಲು ಕೆಸುವಿನ ಹಾಗೇ. ಡ್ರಮ್ಮಿನಲ್ಲಿ ಒಂದು ಕಡೆ ಜಾಗ ಖಾಲಿಯಿತ್ತಲ್ಲ, ಅಲ್ಲೇ ಊರಿದೆ. ಇನ್ನೊಂದು ಕುಂಡ ಯಾರು ತರುವುದು ಎಂಬ ಸೋಮಾರಿತನ, ಇನ್ನೇನಲ್ಲ. ಮಳೆ ಹಿಡಿದದ್ದೇ ತಡ, ಡ್ರಮ್ಮು ತುಂಬ ಎಲೆಯೋ ಎಲೆ. ಯಾವುದು ನನ್ನದು, ಯಾವುದು ಕಾಕು ಕೊಟ್ಟದ್ದು ಎಂಬುದೇ ನನಗೆ ಮರೆತುಹೋಗಿತ್ತು. ಕೆಲವು ಎಲೆಗಳು ಸಣ್ಣಗೆ, ಮಂಕಾಗಿದ್ದವು. ಕೆಲವು ಮಾತ್ರ ದೊಡ್ಡದಾಗಿ, ಎಣ್ಣೆ ಸವರಿದ ಹಾಗೆ ಮಿರಮಿರ ಮಿಂಚುತ್ತಿದ್ದವು. ದಿನಾ ಅಕ್ಕಿ ತೊಳೆದ ನೀರು ಹೊಯ್ದದ್ದು ಸಾರ್ಥಕವಾಯಿತು ಎಂದು ಬೀಗಿದೆ. ಅತ್ತಿಗೆಗೆ ಫೋನ್ ಮಾಡಿ, ಭಾನುವಾರ ಪತ್ರೊಡೆ ತಿನ್ನಲು ಬರಲೇಬೇಕು ಎಂದೆ.

ಭಾನುವಾರ ಬೆಳಿಗ್ಗೆ ಆರಿಸಿ ಆರಿಸಿ ಆ ಮಿಂಚುವ ಎಲೆಗಳನ್ನೇ ಕೊಯ್ದೆ. ಒರೆಸುವಾಗ ಕೈ ತುರಿಸಿತು. ಕೆಸು ಎಂದಮೇಲೆ ತುರಿಸದೆ ಇರುತ್ತದೆಯೇ? ಹುಳಿ ಸರಿಯಾಗಿ ಹಾಕಿದರೆ ತುರಿಕೆ ಹೋಗುತ್ತದೆ ಎಂದು ಅಮ್ಮ ಹೇಳಿಕೊಟ್ಟಿದ್ದರು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು, ಹಿಟ್ಟಿಗೆ ಇನ್ನೊಂದಿಷ್ಟು ಹುಣಸೆಹುಳಿ ಹಾಕಿದೆ. ಬೆಂದ ಮೇಲೆ ಒಂದು ತಟ್ಟೆ ಕಾಕುವಿನ ಮನೆಗೂ ಕೊಟ್ಟುಬಂದೆ. ಯಜಮಾನರು ಬಾಂದ್ರಾದ ಹೋಟೆಲಿನಲ್ಲಿ ಮ್ಯಾನೇಜರು, ಭಾನುವಾರ ಅವರಿಗೆ ರಜೆಯಿಲ್ಲ. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಅತ್ತಿಗೆ ತಟ್ಟೆಯ ಮುಂದೆ ಕೂತರು. ಬಂದವರು ಮೊದಲು ತಿನ್ನಲಿ ಎಂದು ನಾನು ಬಡಿಸುತ್ತಾ ನಿಂತೆ. ಬಿಸಿ ತುಂಡಿನ ಮೇಲೆ ತೆಂಗಿನೆಣ್ಣೆ ಹಾಕಿಕೊಂಡು ಒಂದು ತುಂಡು ತಿಂದರು. ಮಾತಿಲ್ಲ. ಎರಡನೆಯದು ತಿಂದರು. ಆಗಲೂ ಮಾತಿಲ್ಲ. ನನಗೋ ಒಳಗೊಳಗೇ ಹಿಗ್ಗು, ಗೆದ್ದೆ ಅಂದುಕೊಂಡೆ. "ಹೇಗುಂಟು ಅತ್ತಿಗೆ?" ಎಂದು ಕೇಳಿದೆ. ಅವರು ತಲೆಯಾಡಿಸಿ, "ಚೆನ್ನಾಗುಂಟು ಶಶಿ" ಎಂದರು. ಸ್ವರ ಯಾಕೋ ಒಡೆದಿತ್ತು. ನಾನು ಖುಷಿಯಲ್ಲಿ ಮತ್ತೊಂದು ತುಂಡು ಹಾಕಿದೆ.

ಅದನ್ನು ಅರ್ಧ ತಿನ್ನುವಷ್ಟರಲ್ಲಿ ಅವರ ಕೈ ಗಂಟಲಿಗೆ ಹೋಯಿತು. ಕಣ್ಣಲ್ಲಿ ಬಳಬಳ ನೀರು. ತುಟಿ ನೋಡನೋಡುತ್ತಿದ್ದಂತೆ ಬಾತುಕೊಂಡಿತು, ಬಾಯಿಯಿಂದ ಜೊಲ್ಲು ಇಳಿಯತೊಡಗಿತು. ನಾನು ಪೆದ್ದಿ, ಹುಳಿ ಕಡಿಮೆಯಾಗಿರಬೇಕು ಎಂದುಕೊಂಡು ಪುನರ್ಪುಳಿಯ ಹುಳಿನೀರು ಕೊಟ್ಟೆ. ಅದು ಒಳಗಿಳಿಯದೆ ಸೀರೆಯ ಮೇಲೆ ಚೆಲ್ಲಿತು. ಅವರು ಏನೋ ಹೇಳಲು ನೋಡಿದರು, ಸ್ವರವೇ ಹೊರಡಲಿಲ್ಲ. ಒಂದು ನಿಮಿಷ ಸುಮ್ಮನಿರದ ನನ್ನ ಜಲಜ ಅತ್ತಿಗೆ ಬಾಯಿ ತೆರೆದು ಮೂಕರ ಹಾಗೆ ನನ್ನನ್ನೇ ನೋಡುತ್ತಿದ್ದರು.

ಓಡಿಹೋಗಿ ಕಾಕುವಿನ ಬಾಗಿಲು ಬಡಿದೆ. ಅವರು ಬಂದವರೇ ಅತ್ತಿಗೆಯನ್ನು ನೋಡಿದರು, ಆಮೇಲೆ ಅಡುಗೆಕಟ್ಟೆಯ ಮೇಲೆ ಉಳಿದಿದ್ದ ಎಲೆಗಳನ್ನು ನೋಡಿದರು. ಅವರ ಮೋರೆ ಬಿಳಿಚಿಕೊಂಡಿತು.

"ಅಗ, ಹೇ ಅಳೂ ನಾಹೀ. ಹೇ ಮೀ ದಿಲೇಲಂ ಶೋಚಂ ಝಾಡ ಆಹೇ."

ಇದು ಕೆಸು ಅಲ್ಲ, ನಾನು ಕೊಟ್ಟ ಶೋ ಗಿಡ ಎಂದರು. ನಾನೇ ನೆಟ್ಟು, ನೀರು ಹೊಯ್ದು, ನಾನೇ ಆರಿಸಿ ಕೊಯ್ದು, ನಾನೇ ಬಡಿಸಿದ್ದೆ. ಕಾಕುವಿನ ಮನೆಗೆ ಕೊಟ್ಟ ತಟ್ಟೆ ನೆನಪಾಗಿ, ಅದನ್ನು ತಿಂದಿರಾ ಎಂದು ಕೇಳಿದೆ. ಪುಣ್ಯಕ್ಕೆ ಅವತ್ತು ಅವರಿಗೆ ಸಂಕಷ್ಟಿಯ ಉಪವಾಸ, ತಟ್ಟೆ ಮುಚ್ಚಿಟ್ಟದ್ದು ಹಾಗೇ ಇತ್ತಂತೆ.

ಕಾಕುವೇ ಕೆಳಗಿಳಿದು ರಿಕ್ಷಾ ನಿಲ್ಲಿಸಿದರು. ಒಂದು ಎಲೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕೈಗೆ ತುರುಕಿದರು. ಮಳೆಯಲ್ಲಿ ರಿಕ್ಷಾ ತೆವಳುತ್ತಿತ್ತು. ಅತ್ತಿಗೆಯ ಉಸಿರು ಗೊರಗೊರ ಎನ್ನುವುದು ಆ ಗದ್ದಲದಲ್ಲೂ ನನಗೆ ಕೇಳುತ್ತಿತ್ತು. ಅವರು ನನ್ನ ಕೈ ಬಿಡಲಿಲ್ಲ. ಬೈಯಿರಿ ಅತ್ತಿಗೆ, ಏನಾದರೂ ಬೈಯಿರಿ ಎಂದು ನಾನು ದಾರಿಯುದ್ದಕ್ಕೂ ಅಳುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಎಲೆ ನೋಡಿದರು, ಇಂಜೆಕ್ಷನ್ ಕೊಟ್ಟರು, ಮೂಗಿಗೆ ಆಕ್ಸಿಜನ್ ಹಾಕಿಸಿದರು. ಗಂಟಲು ಇನ್ನಷ್ಟು ಬಾತಿದ್ದರೆ ಉಸಿರಿನ ದಾರಿಯೇ ಮುಚ್ಚುತ್ತಿತ್ತು, ಬೇಗ ತಂದದ್ದು ಒಳ್ಳೆಯದಾಯಿತು ಎಂದರು. ಯಜಮಾನರು ಬಂದು ಅಕ್ಕನನ್ನೂ ನನ್ನನ್ನೂ ನೋಡಿ, ನನಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತರು. ಅದಕ್ಕಿಂತ ಎರಡೇಟು ಹೊಡೆದಿದ್ದರೆ ವಾಸಿಯಿತ್ತು.

ಮಾರನೇ ದಿನ ಊತ ಇಳಿಯಿತು. ನಾನು ಗಂಜಿಯ ತಿಳಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಅತ್ತಿಗೆ ನನ್ನ ಕೈ ತಡೆದರು.

"ಮೊದಲ ತುಂಡಿಗೇ ನಾಲಗೆಗೆ ಸೂಜಿ ಚುಚ್ಚಿದ ಹಾಗಾಯ್ತು ಶಶಿ," ಎಂದರು. ಸ್ವರ ಗೊಗ್ಗರಾಗಿತ್ತು. "ಹುಳಿ ಸಾಲದು ಅಂತ ಹೇಳುವ ಅಂದ್ಕೊಂಡೆ. ನೀನು ಅಷ್ಟು ಆಸೆಯಲ್ಲಿ ನಿಂತಿದ್ದಿ ನೋಡು. ಯಾವಾಗ್ಲೂ ಕೊಂಕು ತೆಗೀತೇನೆ, ಇವತ್ತೊಂದು ದಿನ ಬೇಡ ಅಂತ ನುಂಗಿದೆ ಮಾರಾಯ್ತಿ."

ನಾನು ಚಮಚ ಕೆಳಗಿಟ್ಟೆ. ಎಲೆಯ ಸತ್ಯ ಗೊತ್ತಾದಾಗಿನ ಆಘಾತಕ್ಕಿಂತ ಇದು ದೊಡ್ಡದು. ಇಷ್ಟು ವರ್ಷ ನಾನು ಕೇಳಲು ಕಾದಿದ್ದ ಆ ಒಂದು ಮಾತನ್ನು ಆಡಲು ಹೋಗಿ ಈ ಜೀವ ಹೋಗಿಬಿಡುತ್ತಿತ್ತು. ಎಂದಿನಂತೆ ಮೊದಲ ತುತ್ತಿಗೇ ತಟ್ಟೆ ತಳ್ಳಿ ಬೈದಿದ್ದರೆ ಏನೂ ಆಗುತ್ತಿರಲಿಲ್ಲ.

ಮನೆಗೆ ಬಂದು ಆ ಡ್ರಮ್ಮನ್ನು ಮಣ್ಣು ಸಮೇತ ಖಾಲಿ ಮಾಡಿಸಿದೆ. ಈಗ ತಿನ್ನುವ ಗಿಡ ಗ್ರಿಲ್‌ನಲ್ಲಿ, ಚಂದದ ಗಿಡ ಹಾಲ್‌ನಲ್ಲಿ. ಪ್ರತಿ ಕುಂಡಕ್ಕೂ ಹೆಸರು ಬರೆದ ಚೀಟಿ. ಹೆಸರು ಗೊತ್ತಿಲ್ಲದ ಗಿಡ ನನ್ನ ಅಡುಗೆಮನೆಯ ಹೊಸಿಲು ದಾಟುವುದಿಲ್ಲ. ಎಲೆ ನೋಡಿದರೆ ಗೊತ್ತಾಗುತ್ತದೆ ಎನ್ನುವವರಿಗೆ ನಾನು ಹೇಳುವುದು ಇಷ್ಟೇ, ನನಗೂ ಹಾಗೇ ಅನ್ನಿಸಿತ್ತು. ಬಾಯಿ ತುರಿಸಿದರೆ ಹುಳಿ ಕಡಿಮೆ ಎಂದು ನುಂಗಬೇಡಿ, ಉಗಿಯಿರಿ.

ಕಳೆದ ಆಟಿಯಲ್ಲಿ ಅತ್ತಿಗೆ ತಾವಾಗಿಯೇ ಬಂದರು, ಮಾರ್ಕೆಟಿನಿಂದ ಎಲೆಯನ್ನೂ ತಾವೇ ತಂದಿದ್ದರು. ನಾನು ಪತ್ರೊಡೆ ಮಾಡಿ ಮೊದಲ ತುಂಡು ನಾನೇ ತಿಂದು, ಸ್ವಲ್ಪ ಹೊತ್ತು ಕಾದು, ಆಮೇಲೆ ಅವರಿಗೆ ಬಡಿಸಿದೆ. ತಿಂದು ಮುಖ ಸಿಂಡರಿಸಿದರು. ಉಪ್ಪು ಇಲ್ಲ, ಬೆಲ್ಲ ಜಾಸ್ತಿ, ಇದನ್ನು ಪತ್ರೊಡೆ ಅಂತ ಯಾರು ಹೇಳ್ತಾರೆ ಎಂದು ಶುರುಮಾಡಿದರು. ನಾನು ಕೈ ಒರೆಸಿಕೊಂಡು ಅವರೆದುರು ಕೂತೆ, ಕೊನೆಯವರೆಗೂ ಕೇಳಿದೆ.