ಔಟರ್ ಸಿಗ್ನಲ್ಲಿನಲ್ಲಿ ನಿಂತ ಅಂಕಗಳು

ಚೌಕುಳಿ ಎಳೆದ ದೊಡ್ಡ ಹಾಳೆ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹಾಳೆಯದೇನೂ ತಪ್ಪಿಲ್ಲ ಎಂಬುದು ಗೊತ್ತು. ಆದರೂ ಉರಿಯುತ್ತದೆ.

ಆಗ ನಾನು ವಾಡಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ನಮ್ಮ ಹೆಡ್‌ಮಾಸ್ತರರು ಯಾವುದೋ ತರಬೇತಿಗೆ ಹೋದವರು ಬರುವಾಗ ಒಂದು ತಃಖ್ತೆಯ ನಮೂನೆ ಹಿಡಿದು ಬಂದರು. ಎಡಕ್ಕೆ ಮಕ್ಕಳ ಹೆಸರು, ಪಕ್ಕದಲ್ಲಿ ಎರಡು ಪರೀಕ್ಷೆಗಳ ಅಂಕ. ಎರಡರ ನಡುವಿನ ಏರಿಕೆಯನ್ನೋ ಇಳಿಕೆಯನ್ನೋ ಹಾಗೇ ಮುಂದಕ್ಕೆ ಎಳೆದರೆ ವಾರ್ಷಿಕ ಪರೀಕ್ಷೆಯಲ್ಲಿ ಯಾರಿಗೆಷ್ಟು ಬೀಳುತ್ತದೆಂದು ದೀಪಾವಳಿಗೇ ಗೊತ್ತಾಗಿಬಿಡುತ್ತದಂತೆ. ಅವರ ಖುಷಿ ನೋಡಿ ನಾನೂ ಅಡಿಪಟ್ಟಿ ಕೈಗೆತ್ತಿಕೊಂಡೆ.

ಶಿವಶರಣ ಎಂಬ ಹುಡುಗನಿಗೆ ಗಣಿತದಲ್ಲಿ ಮೊದಲು ನಲವತ್ತು, ಆಮೇಲೆ ಅರವತ್ತೈದು. ಮುಂದೆ ಎಳೆದರೆ ಮೂರನೆಯ ಪರೀಕ್ಷೆಗೆ ತೊಂಬತ್ತು, ಮಾರ್ಚಿಗೆ ನೂರಾ ಹದಿನೈದು! ನೂರಕ್ಕೆ ಇಷ್ಟನ್ನು ಹೇಗೆ ಬರೆಯಲಿ ಎಂದು ಕೇಳಿದೆ.

"ಬಂದದ್ದು ಬರೀರಿ. ಮ್ಯಾಲಿನವ್ರಿಗೆ ಏರಿಕಿ ಕಂಡ್ರ ಸಾಕು," ಎಂದರು ಹೆಡ್‌ಮಾಸ್ತರರು.

ಪಂಚಾಂಗದವರು ಎಷ್ಟೋ ವಾಸಿ. ಗ್ರಹಗಳಿಗೂ ವಕ್ರಗತಿ ಎಂಬ ಒಂದು ಸವಲತ್ತು ಇಟ್ಟಿದ್ದಾರೆ. ಹಿಂದೆ ಸರಿಯುತ್ತಿದ್ದ ಗುರು ಒಂದು ದಿನ ನೆಟ್ಟಗಾಗಿ ಮುಂದೆ ನಡೆಯಬಹುದು. ನಮ್ಮ ತಃಖ್ತೆಯಲ್ಲಿ ಆ ಸವಲತ್ತು ಇರಲಿಲ್ಲ. ಇಳಿದವರು ಇಳಿಯುತ್ತಲೇ ಹೋಗಬೇಕು.

ಹಾಗೆ ಇಳಿದವಳು ಒಂಬತ್ತನೆಯ ತರಗತಿಯ ಮಹಾದೇವಿ. ಅರವತ್ತೊಂದರಿಂದ ನಲವತ್ತಾರು. ಗೆರೆ ಅವಳನ್ನು ಮಾರ್ಚಿಗೆ ಹದಿನಾರಕ್ಕೆ ತಂದು ಕೆಡವಿತು. ಹೆಡ್‌ಮಾಸ್ತರರು ಅಷ್ಟಕ್ಕೆ ಬಿಡದೆ ಅವಳ ಅಪ್ಪನಿಗೆ ಹೇಳಿಕಳಿಸಿದರು. ಪಕ್ಕದ ನಾಲವಾರದ ರೈತ, ಹೆಸರು ಸಾಯಬಣ್ಣ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದು ನಿಂತ.

"ಮಾರ್ಚಿನ ರಿಜಲ್ಟು ಈಗೇ ಬಂದದಂತಲ್ರೀ ಮಾಸ್ತರ? ಪೋರಿ ಫೇಲ್ ಆಗ್ಯಾಳ ಅಂದಮ್ಯಾಲ ಮತ್ಯಾಕ ಕಳಸ್ಬೇಕ್ರಿ? ಮನ್ಯಾಗ ಇರ್ಲಿ, ಹೊಲದ ಕೆಲಸಕ್ಕರ ಆಗ್ತಾಳ."

ಬರೆಯದ ಪರೀಕ್ಷೆಯಲ್ಲಿ ಹುಡುಗಿಯನ್ನು ನಾವೇ ನಪಾಸು ಮಾಡಿ ಕೂತಿದ್ದೆವು. ಮಹಾದೇವಿಯನ್ನು ಕರೆದು, ಅಂಕ ಯಾಕಮ್ಮ ಇಳಿಯಿತು ಎಂದು ಕೇಳಿದೆ.

"ಮೊದಲಿಂದು ಮಧ್ಯಾಹ್ನ ಇತ್ರಿ ಸರ್. ಎರಡನೇದು ಮುಂಜಾನಿ ಇಟ್ರಿ. ನಾಲವಾರದಿಂದ ಬರೂ ನಮ್ಮ ಗಾಡಿ ಸ್ಟೇಷನ್ ಹೊರಗ ಔಟರ್ ಸಿಗ್ನಲ್‌ನ್ಯಾಗ ನಿಂತಿತ್ರಿ. ಡಬ್ಬಿ ಕಿಡಕ್ಯಾಗಿಂದ ಸಾಲಿ ಕಾಣಾಕತ್ತಿತ್ತು, ಇಳಿಲಾಕ ಬರಲಿಲ್ರಿ. ಬರಿಯೂದು ಅರ್ಧ ಆಗಿತ್ತು, ಗಂಟಿ ಹೊಡದ್ರಿ."

ತಡವಾಗಿ ಬಂದವರೂ ಗಂಟೆ ಹೊಡೆದೊಡನೆ ಉತ್ತರಪತ್ರಿಕೆ ಕೊಡಬೇಕು, ಅದು ನಮ್ಮ ಶಾಲೆಯ ಶಿಸ್ತು. ಅಂದರೆ ನಾನು ಅಡಿಪಟ್ಟಿ ಇಟ್ಟು, ನಾಲಿಗೆ ಕಚ್ಚಿಕೊಂಡು, ಒಂದು ಕೂದಲಷ್ಟೂ ಸೊಟ್ಟಾಗದಂತೆ ಎಳೆದದ್ದು ಪ್ಯಾಸೆಂಜರ್ ಗಾಡಿಯ ಭವಿಷ್ಯವನ್ನು!

ಸಾಯಬಣ್ಣನಿಗೆ ಶಿವಶರಣನ ಸಾಲು ತೋರಿಸಿದೆ. ನೂರಕ್ಕೆ ನೂರಾ ಹದಿನೈದು ಎಂದು ಓದಿ ಹೇಳಿದೆ. ಅವನು ತಃಖ್ತೆಯನ್ನೂ ಹೆಡ್‌ಮಾಸ್ತರರನ್ನೂ ನೋಡಿ ನಕ್ಕುಬಿಟ್ಟ.

"ಹಂಗಿದ್ರ ಇದು ರಿಜಲ್ಟ್ ಅಲ್ಲ ಬಿಡ್ರಿ. ನಾಳಿಂದ ಕಳಸ್ತೀನಿ."

ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ ಮಹಾದೇವಿ ನಮ್ಮ ಮನೆಯಲ್ಲೇ ಉಳಿದಳು. ನನ್ನ ಹೆಂಡತಿಯ ರೊಟ್ಟಿ ತಿಂದು, ನಡೆದುಕೊಂಡೇ ಶಾಲೆಗೆ ಬಂದು, ಗಂಟೆಗೆ ಮೊದಲೇ ಕೂತಳು. ಗಣಿತದಲ್ಲಿ ಅರವತ್ತೆಂಟು ಬಂತು. ನನಗೆ ಕುಣಿಯುವಷ್ಟು ಸಂತೋಷ. ಹೆಡ್‌ಮಾಸ್ತರರಿಗೂ ಸಂತೋಷವೇ, ಆದರೆ ರಬ್ಬರನ್ನು ನನ್ನ ಕಡೆ ಸರಿಸಿ, ಹದಿನಾರು ಅಳಿಸಿ ಗೆರೆಯನ್ನು ಅರವತ್ತೆಂಟಕ್ಕೆ ಹಾಯಿಸಿಬಿಡಿ, ಅಂದಾಜು ಸರಿ ಬಂದಂತಾಗುತ್ತದೆ ಎಂದರು. ಆ ರಬ್ಬರನ್ನು ಎಲ್ಲಿಗೆ ಎಸೆಯಲಿ ಎಂದು ನಾನು ಕಿಟಕಿ ನೋಡಿದೆ.

ಜೂನಿನಲ್ಲಿ ಸಾಯಬಣ್ಣ ಮಗಳನ್ನು ಹತ್ತನೆಯ ತರಗತಿಗೆ ಕರೆತಂದ. ಮೇಜಿನ ಮೇಲೆ ಹೊಸ ತಃಖ್ತೆ ಹಾಸಿತ್ತು. ಅದನ್ನು ಬಗ್ಗಿ ನೋಡಿದ.

"ಸಾಹೇಬ್ರ, ಈ ಸರ್ತಿ ಇದರಾಗ ಗಾಡಿದೂ ಒಂದು ಚೌಕ ಮನಿ ಹಾಕ್ರಿ."

ಹೆಡ್‌ಮಾಸ್ತರರು ಕನ್ನಡಕ ಏರಿಸಿ ಹಾಳೆಯನ್ನು ಆ ತುದಿಯಿಂದ ಈ ತುದಿಯವರೆಗೆ ಹುಡುಕಿದರು.

"ನಮೂನೆದಾಗ ಇಲ್ಲ," ಎಂದರು.

ನಾನು ಪೆನ್ಸಿಲ್ ಕೆಳಗಿಟ್ಟೆ. ಅಂದಿನಿಂದ ಯಾವ ಮಗುವಿನ ಅಂಕ ಕೈಗೆ ಬಂದರೂ, ಶಾಲೆಗೆ ಹೇಗೆ ಬರುತ್ತೀ ಎಂದು ಮೊದಲು ಕೇಳಿಬಿಡುತ್ತೇನೆ.